ಆಳಸಮುದ್ರದ ಮೀನುಗಳು ಯಾಕೆ ಹಾಗಿರ್ತವೆ?

ಹಿಂದಿನ ಸಾಲಿಗೂ ಕೇಳಿಸ್ತಿದೆ ಅಲ್ವಾ? ಸರಿ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಟೀಮಿನ ಚಾಟ್ ಗ್ರೂಪಿನಲ್ಲಿ ಒಂದು ಸ್ಟಿಕ್ಕರ್ ಇದೆ. ತಿಳಿ ಗುಲಾಬಿ ಬಣ್ಣದ ಒಂದು ಮುದ್ದೆ. ಜೋತುಬಿದ್ದ ಮೂಗು, ಕೆಳಗೆ ಬಾಗಿದ ಬಾಯಿ, ಜೀವನವೇ ಸಾಕಾಗಿಹೋದ ಮುಖ. ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್‌ಗೆ ಮೊದಲು ಒಬ್ಬರಾದ್ರೂ ಅದನ್ನ ಹಾಕ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಪ್ರೊಡಕ್ಷನ್ ಬಗ್ ಬಂದ್ರೆ ಹತ್ತು ಜನ ಹಾಕ್ತಾರೆ. ಅಪ್ರೈಸಲ್ ಲೆಟರ್ ಬಂದ ದಿನದ ಕಥೆ ಹೇಳೋದೇ ಬೇಡ. (ನಗು) ಆ ಸ್ಟಿಕ್ಕರ್ ಮಾಡಿ ಹಾಕಿದ್ದು ನಾನೇ.

ನಿಮ್ಮಲ್ಲಿ ಬಹಳ ಜನ ಈ ಮುಖ ನೋಡಿರ್ತೀರಿ. ಬ್ಲಾಬ್‌ಫಿಶ್. 2013ರಲ್ಲಿ ಬ್ರಿಟನ್ನಿನ 'ಅಗ್ಲಿ ಅನಿಮಲ್ ಪ್ರಿಸರ್ವೇಶನ್ ಸೊಸೈಟಿ' ನಡೆಸಿದ ಮತದಾನದಲ್ಲಿ ಜಗತ್ತಿನ ಅತಿ ಕುರೂಪಿ ಪ್ರಾಣಿ ಅಂತ ಗೆದ್ದ ಮೀನು.

ನಾನು ಗಂಗೊಳ್ಳಿ ಕಡೆಯವಳು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಹೋದ ಮಳೆಗಾಲದಲ್ಲಿ ಅಮ್ಮ ನಮ್ಮನೆಗೆ ಬಂದಿದ್ರು. ಏಳು ವರ್ಷದ ಮಗಳು ನನ್ನ ಫೋನಿನಲ್ಲಿ ಈ ಸ್ಟಿಕ್ಕರ್ ನೋಡಿ "ಅಜ್ಜಿ, ಛೀ, ಇಲ್ನೋಡಿ" ಅಂತ ತೋರಿಸಿದಳು. ಅಮ್ಮ ಕನ್ನಡಕ ಹಾಕ್ಕೊಂಡು ನೋಡಿದ್ರು. ನಗಲಿಲ್ಲ. "ಅದ್ ಸತ್ತ್ ಮೇಲೆ ತೆಗ್ದ್ ಫೋಟೊ ಅಲ್ದಾ ಮಗಾ? ನೀರಲ್ಲ್ ಹ್ಯಾಂಗಿತ್ತೋ ಏನೋ" ಅಂದು ಫೋನ್ ವಾಪಸ್ ಕೊಟ್ಟು ಕಾಯಿ ತುರಿಯೋಕೆ ಕೂತರು.

ನನಗೆ ಸ್ವಲ್ಪ ನಾಚಿಕೆ ಆಯ್ತು. ಬಂದರಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಬುಟ್ಟಿಯಲ್ಲಿರೋ ಮೀನು ಬೇರೆ, ನೀರಿನಲ್ಲಿರೋ ಮೀನು ಬೇರೆ ಅನ್ನೋದು ನನಗೇ ಹೊಳೀಬೇಕಿತ್ತು. ಆ ರಾತ್ರಿಯಿಂದ ಓದೋಕೆ ಶುರು ಮಾಡಿದೆ. ಇವತ್ತು ಹೇಳ್ತಿರೋದು ಆ ಓದಿನಲ್ಲಿ ಸಿಕ್ಕಿದ್ದು.

ಆ ಫೋಟೊ ತೆಗೆದಿದ್ದು 2003ರಲ್ಲಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಸಮುದ್ರದಲ್ಲಿ 'ತಂಗರೋವಾ' ಅನ್ನೋ ಸಂಶೋಧನಾ ಹಡಗು ಸರ್ವೇ ಮಾಡ್ತಿತ್ತು. ಒಂದು ಕಿಲೋಮೀಟರಿಗಿಂತಲೂ ಕೆಳಗೆ ಬಲೆ ಎಳೆದಾಗ ಉಳಿದ ಮೀನು, ಕಲ್ಲು, ಕೆಸರಿನ ಜೊತೆ ಇದೂ ಮೇಲೆ ಬಂತು. ಹಡಗಿನವರು 'ಮಿಸ್ಟರ್ ಬ್ಲಾಬಿ' ಅಂತ ಹೆಸರಿಟ್ಟರು. ಫೋಟೊನ ಜೂಮ್ ಮಾಡಿ ನೋಡಿ, ಬಾಯಿಯ ಪಕ್ಕದಲ್ಲಿ ಹಳದಿಯಾಗಿ ಏನೋ ನೇತಾಡ್ತಿರುತ್ತೆ. ಜೊಲ್ಲು ಅಂತ ನಾನು ಅಂದ್ಕೊಂಡಿದ್ದೆ. ಅದೊಂದು ಪರಾವಲಂಬಿ ಜೀವಿ, ಸಿಗಡಿಯ ದೂರದ ಸಂಬಂಧಿ. ಪಾಪದ ಮೀನು ಸತ್ತ ಮೇಲೂ ಅದು ಬಿಟ್ಟಿಲ್ಲ. ಈಗ ಆ ಮೀನು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಒಂದು ಜಾಡಿಯಲ್ಲಿದೆ.

ಬದುಕಿರುವಾಗ ಅದು ಹೇಗಿರುತ್ತೆ? ದೊಡ್ಡ ತಲೆ, ಬಾಲದ ಕಡೆ ಹೋಗ್ತಾ ಸಪೂರ. ಗೊದಮೊಟ್ಟೆಯನ್ನ ದೊಡ್ಡದು ಮಾಡಿದ ಹಾಗೆ. ಸಾಧಾರಣ ಮೀನು. ಆ ಮೂಗು ಇಲ್ಲವೇ ಇಲ್ಲ! ನೀರಿನಿಂದ ತೆಗೆದ ಮೇಲೆ ಮುಖದ ಮಾಂಸ ಕುಸಿದು ಆದ ಗುಡ್ಡೆ ಅದು.

ಇಲ್ಲಿ ಎಲ್ಲರೂ ಮಾಡೋ ಒಂದು ತಪ್ಪನ್ನ ನಾನೂ ಮಾಡಿದ್ದೆ. ಆಳದಲ್ಲಿ ಒತ್ತಡ ಭಯಂಕರ, ಅದಕ್ಕೇ ಮೀನುಗಳು ಜಜ್ಜಿಹೋಗಿ ವಿಕಾರವಾಗಿರ್ತವೆ ಅಂತ. ಒತ್ತಡ ಭಯಂಕರ ಅನ್ನೋದು ನಿಜ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಏರುತ್ತೆ, 1,000 ಮೀಟರಿನಲ್ಲಿ ನಾವು ಈಗ ಅನುಭವಿಸ್ತಿರೋದರ ನೂರು ಪಟ್ಟು. ಆದರೆ ಒತ್ತಡ ಹಿಂಡೋದು ಮುಖ್ಯವಾಗಿ ಗಾಳಿ ಇರೋ ಜಾಗವನ್ನ. ಖಾಲಿ ಬಾಟಲಿಗೆ ಮುಚ್ಚಳ ಹಾಕಿ ಕೆಳಗೆ ಬಿಟ್ಟರೆ ಅಪ್ಪಚ್ಚಿ. ಅದೇ ಬಾಟಲಿಯಲ್ಲಿ ಬಾಯಿತನಕ ನೀರು ತುಂಬಿ ಬಿಡಿ, ಹೆಚ್ಚುಕಡಿಮೆ ಹಾಗೇ ಇರುತ್ತೆ. ಬ್ಲಾಬ್‌ಫಿಶ್ ಮೈಯಲ್ಲಿ ಗಾಳಿಚೀಲವೇ ಇಲ್ಲ. ಇರೋದು ನೀರಿಗಿಂತ ಒಂಚೂರು ಹಗುರವಾದ ಜೆಲ್ಲಿ, ಮೆದು ಮೂಳೆ, ಸ್ವಲ್ಪವೇ ಸ್ನಾಯು. ಸುತ್ತಲಿನ ನೀರೇ ಅದರ ಮೈಯನ್ನ ಹಿಡಿದು ನಿಲ್ಲಿಸುತ್ತೆ. ಈಜೋ ಖರ್ಚಿಲ್ಲದೆ ತಳದ ಹತ್ತಿರ ಸುಮ್ಮನೆ ಇದ್ದು, ಬಾಯಿಯ ಹತ್ತಿರ ಬಂದಿದ್ದನ್ನ ತಿನ್ನುತ್ತೆ. ಅಂಥ ದೇಹವನ್ನ ಬಲೆಯಲ್ಲಿ ಒಂದು ಕಿಲೋಮೀಟರ್ ಎಳೆದು, ನೂರಾರು ಕೆಜಿ ಸರಕಿನ ಅಡಿಗೆ ಹಾಕಿ, ಕಬ್ಬಿಣದ ಡೆಕ್ ಮೇಲೆ ಸುರಿದರೆ ಏನಾಗಬೇಕೋ ಅದೇ ಆಗಿದೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕ್ರ್ಯಾಶ್ ಆದ ಮೇಲಿನ ಸ್ಕ್ರೀನ್‌ಶಾಟ್ ನೋಡಿ 'ಈ ಸಾಫ್ಟ್‌ವೇರ್ ಡಿಸೈನೇ ಹೀಗೆ' ಅಂದ ಹಾಗೆ ಇದು. ಟೆಸ್ಟಿಂಗ್‌ನವಳಾಗಿ ನಾನೇ ಹಂಗೆ ಅಂದಿದ್ದೆ ನೋಡಿ.

ಈ ಬ್ಲಾಬ್‌ಫಿಶ್ ಕುಟುಂಬದ ಇನ್ನೊಂದು ಮೀನು ಕ್ಯಾಲಿಫೋರ್ನಿಯಾ ಕಡೆಯ ಸಮುದ್ರದ ಆಳದಲ್ಲಿದೆ. ರೋಬೋ ಜಲಾಂತರ್ಗಾಮಿ ಕಳಿಸಿ ನೋಡಿದಾಗ ಅವು ಗುಂಪಾಗಿ, ತಮ್ಮ ಮೊಟ್ಟೆಗಳ ಮೇಲೋ ಪಕ್ಕದಲ್ಲೋ ಕೂತಿದ್ದವು. ಮೊಟ್ಟೆಗಳ ಮೇಲೆ ಒಂದಿಷ್ಟೂ ಕೆಸರಿಲ್ಲ, ಯಾರೋ ಒರೆಸಿಟ್ಟ ಹಾಗೆ. ಅಲ್ಲಿ, ಆ ಕತ್ತಲೆಯಲ್ಲಿ, ಚಳಿಯಲ್ಲಿ ಮರಿ ಕಾಯ್ತಾ ಕೂತಿರೋದು ನಮ್ಮ ಸೋಮವಾರದ ಸ್ಟಿಕ್ಕರ್ ಮನೆಯವರೇ.

ಇದೊಂದು ಮೀನಿಗೆ ಮಾತ್ರ ಆದ ಅನ್ಯಾಯ ಅಂದ್ಕೋಬೇಡಿ. ಮುಂದಿನ ಸ್ಲೈಡ್ ಹಾಕಿ. ಇದು ಮ್ಯಾಕ್ರೋಪಿನ್ನಾ, ಇಂಗ್ಲಿಷಿನಲ್ಲಿ ಬ್ಯಾರೆಲ್‌ಐ ಅಂತಾರೆ. 1939ರಲ್ಲೇ ವಿಜ್ಞಾನಿಗಳು ಹೆಸರಿಟ್ಟಿದ್ದರು. ಹಳೇ ಚಿತ್ರಗಳಲ್ಲಿ ಇದರ ತಲೆಯ ಮೇಲೆ ಎರಡು ಕೊಳವೆಗಳು, ಆ ಕೊಳವೆಗಳೇ ಕಣ್ಣು, ಮೇಲಕ್ಕೇ ನೆಟ್ಟ ನೋಟ. ಹಾಗಾದ್ರೆ ತನ್ನ ಬಾಯಿಯ ಮುಂದೆ ಏನಿದೆ ಅಂತ ಹೇಗೆ ನೋಡುತ್ತೆ? ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆ ಹಾಗೇ ಇತ್ತು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಸಂಶೋಧನಾ ಸಂಸ್ಥೆಯವರು ಕ್ಯಾಮೆರಾ ಇಳಿಸಿ ಬದುಕಿರೋ ಮೀನನ್ನ 600ರಿಂದ 800 ಮೀಟರ್ ಆಳದಲ್ಲಿ ನೋಡಿದಾಗ ಗೊತ್ತಾಯ್ತು, ಅದರ ತಲೆಯ ಮೇಲೆ ಗಾಜಿನ ಗುಮ್ಮಟದ ಹಾಗೆ ಒಂದು ಪಾರದರ್ಶಕ ಕವಚ ಇದೆ! ಕಣ್ಣುಗಳು ಆ ಗುಮ್ಮಟದ ಒಳಗೆ ಹಸಿರಾಗಿ ಹೊಳೀತಾವೆ, ಮೇಲಿನಿಂದ ಮುಂದಕ್ಕೆ ತಿರುಗ್ತಾವೆ. ಬಲೆಯಲ್ಲಿ ಬಂದ ಪ್ರತಿ ಮೀನಿನಲ್ಲೂ ಆ ಕವಚ ಹರಿದುಹೋಗಿರುತ್ತಿತ್ತು, ಅದಕ್ಕೇ ಯಾರೂ ಬರೆದಿರಲಿಲ್ಲ.

ಈಗ ಈ ಫೋಟೊದಲ್ಲಿ ಮುಖ ನೋಡಿ. ದುಃಖದಲ್ಲಿರೋ ಪುಟ್ಟ ಕಣ್ಣು ಎರಡು ಕಾಣ್ತಿವೆ ಅಲ್ವಾ, ಬಾಯಿಯ ಮೇಲೆ? ಅವು ಮೂಗಿನ ಹೊಳ್ಳೆಗಳು. (ನಗು) ನಮ್ಮ ಮೆದುಳು ಎರಡು ಚುಕ್ಕೆ, ಒಂದು ಗೆರೆ ಸಿಕ್ಕರೆ ಸಾಕು, ಮುಖ ಮಾಡಿಬಿಡುತ್ತೆ. ಆಮೇಲೆ ಆ ಮುಖ ಸರಿಯಿಲ್ಲ ಅಂತ ದೂರು ಬೇರೆ.

ಹಾಗಂತ ಎಲ್ಲವೂ ಫೋಟೊದ ತಪ್ಪು ಅಂತ ಹೇಳಿಬಿಟ್ಟರೆ ನಾನು ಸುಳ್ಳು ಹೇಳಿದ ಹಾಗೆ. ಕೆಲವು ಬದುಕಿರುವಾಗಲೂ, ತಮ್ಮ ಜಾಗದಲ್ಲೂ ವಿಚಿತ್ರವಾಗೇ ಇವೆ. ಅದು ಯಾಕೆ ಅಂತ ಅರ್ಥ ಆಗಬೇಕಾದ್ರೆ ಬೆಳಕು ಆರಿಸಬೇಕು.

ಸಮುದ್ರದಲ್ಲಿ 200 ಮೀಟರ್ ಇಳಿದರೆ ಸಂಜೆಗತ್ತಲು. 1,000 ಮೀಟರ್ ದಾಟಿದರೆ ಸೂರ್ಯನ ಬೆಳಕು ಪೂರ್ತಿ ಬಂದ್. ಎಲ್ಲಕ್ಕಿಂತ ಮೊದಲು, ಮೇಲಿನ ಕೆಲವೇ ಹತ್ತು ಮೀಟರುಗಳಲ್ಲಿ, ಹೋಗಿಬಿಡೋದು ಕೆಂಪು ಬೆಳಕು. ಆಳದ ಸಿಗಡಿಗಳನ್ನ ಚಿತ್ರದಲ್ಲಿ ನೋಡಿದರೆ ರಕ್ತಗೆಂಪು, 'ಅಬ್ಬಾ ಎಂಥ ಬಣ್ಣ' ಅನ್ಸುತ್ತೆ. ಅದು ಅಲಂಕಾರ ಅಲ್ಲ. ಕೆಂಪು ಬೆಳಕೇ ಇಲ್ಲದ ಊರಿನಲ್ಲಿ ಕೆಂಪು ಅಂಗಿ ಹಾಕಿದವನು ಕಪ್ಪಾಗಿ, ಅಂದರೆ ಕಾಣದೇ ಇರ್ತಾನೆ. ಆ ಕೆಂಪು ಹುಟ್ಟೋದು ನಮ್ಮ ಫ್ಲ್ಯಾಶ್ ಬಿದ್ದಾಗ. ಮಲಕೋಸ್ಟಿಯಸ್ ಅನ್ನೋ ಮೀನು ಮಾತ್ರ ಇಲ್ಲೂ ಆಟ ಆಡುತ್ತೆ. ಕಣ್ಣಿನ ಕೆಳಗೆ ತನ್ನದೇ ಕೆಂಪು ಟಾರ್ಚ್, ಆ ಕೆಂಪನ್ನ ನೋಡೋ ಕಣ್ಣೂ ಅದಕ್ಕಿದೆ. ಸುತ್ತಲಿನ ಹೆಚ್ಚಿನವಕ್ಕೆ ಆ ಬೆಳಕು ಕಾಣೋದೇ ಇಲ್ಲ.

ಇನ್ನು ಕೆಲವು ಮೀನುಗಳ ಕಪ್ಪು ಎಷ್ಟು ಅಂದರೆ, ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನ ಕ್ಯಾರೆನ್ ಆಸ್‌ಬರ್ನ್ ಫೋಟೊ ತೆಗೆಯೋಕೆ ಹೋದರೆ ಬರೀ ಮೀನಿನಾಕಾರದ ನೆರಳು ಬರ್ತಿತ್ತಂತೆ. ಎಷ್ಟು ಲೈಟ್ ಹಾಕಿದ್ರೂ ಅಷ್ಟೇ. 2020ರಲ್ಲಿ ಅವರ ತಂಡ ಅಳತೆ ಮಾಡಿ ಪ್ರಕಟಿಸ್ತು, 16 ಜಾತಿಯ ಮೀನುಗಳ ಚರ್ಮ ಬಿದ್ದ ಬೆಳಕಿನಲ್ಲಿ ಅರ್ಧ ಪರ್ಸೆಂಟ್ ಕೂಡ ವಾಪಸ್ ಕೊಡೋದಿಲ್ಲ. ಅಲ್ಲಿ ಬೇರೆ ಜೀವಿಗಳೆಲ್ಲ ಮೈಯಿಂದಲೇ ಬೆಳಕು ಹೊಮ್ಮಿಸ್ತಿರುವಾಗ, ಆ ಮಿಣುಕು ಬೆಳಕಿಗೂ ಕಾಣದೆ ಉಳಿಯೋದು ಇವುಗಳ ಕಸುಬು. ಸ್ವಲ್ಪ ಯೋಚನೆ ಮಾಡಿ. ಯಾರ ಕಣ್ಣಿಗೂ ಬೀಳಬಾರದು ಅಂತಲೇ ಆದ ದೇಹಗಳಿವು. ನಾವು ಎಳೆದು ತಂದು, ಬಿಳಿ ಹಿನ್ನೆಲೆ ಇಟ್ಟು, ಫ್ಲ್ಯಾಶ್ ಹೊಡೆದು, ಚೆನ್ನಾಗಿಲ್ಲ ಅಂತೀವಿ.

ಆಮೇಲೆ ಹಸಿವು. ಆಳದಲ್ಲಿ ಗಿಡ ಇಲ್ಲ, ಪಾಚಿ ಬೆಳೆಯೋಕೆ ಬಿಸಿಲಿಲ್ಲ. ಮೇಲಿನ ಲೋಕದ ಎಂಜಲು, ಸತ್ತ ಪ್ಲವಕ, ಲೋಳೆ, ಹಿಕ್ಕೆ ಎಲ್ಲ ಸೇರಿ ಬೂದಿಯ ಹಾಗೆ ಕೆಳಗೆ ಉದುರ್ತಾ ಇರುತ್ತೆ. ದಾರಿಯಲ್ಲೇ ಹೆಚ್ಚಿನದನ್ನ ಯಾರೋ ತಿಂದು ಮುಗಿಸಿರ್ತಾರೆ. ಮುಂದಿನ ಊಟ ನಾಳೆಯೋ, ಮುಂದಿನ ತಿಂಗಳೋ ಗೊತ್ತಿಲ್ಲ. ಹಾಗಿರುವಾಗ ಸಿಕ್ಕಿದ್ದನ್ನ ಬಿಡೋ ಹಾಗಿಲ್ಲ, ಗಾತ್ರ ನೋಡೋ ಹಾಗಿಲ್ಲ. ಅದಕ್ಕೇ ಆ ಬಾಯಿ, ಆ ಹಲ್ಲು. ಉದ್ದನೆಯ ಹಲ್ಲು ಅಗಿಯೋದಕ್ಕಲ್ಲ, ಒಳಗೆ ಬಂದದ್ದು ವಾಪಸ್ ಹೋಗದಿರಲಿ ಅಂತ ಹಾಕಿದ ಬೇಲಿ.

ಬ್ಲ್ಯಾಕ್ ಸ್ವಾಲೋವರ್ ಅಂತ ಒಂದು ಮೀನಿದೆ. 2007ರಲ್ಲಿ ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್ ಹತ್ತಿರ ಇಂಥದ್ದೊಂದು ಸತ್ತು ತೇಲ್ತಾ ಸಿಕ್ತು. ಅದರ ಉದ್ದ 19 ಸೆಂಟಿಮೀಟರ್. ಹೊಟ್ಟೆಯೊಳಗೆ ಮಡಚಿಕೊಂಡು ಇದ್ದ ಮೀನಿನ ಉದ್ದ 86 ಸೆಂಟಿಮೀಟರ್. ನುಂಗಿದ್ದು ಜೀರ್ಣ ಆಗೋಕೆ ಮೊದಲೇ ಒಳಗೇ ಕೊಳೆತು, ಗ್ಯಾಸ್ ತುಂಬಿ, ಬಲೂನಿನ ಹಾಗೆ ಮೇಲಕ್ಕೆ ಬಂದುಬಿಟ್ಟಿತ್ತು. ಮದುವೆಮನೆ ಊಟದಲ್ಲಿ ನಮಗೂ ಸ್ವಲ್ಪ ಹೀಗೇ ಆಗುತ್ತೆ, ಇರಲಿ. ಇಲ್ಲೂ ನೋಡಿ, ಈ ಮೀನು ಮನುಷ್ಯರ ಕೈಗೆ ಸಿಕ್ಕಿದ್ದು ಅದರ ಬದುಕಿನ ಅತ್ಯಂತ ಕೆಟ್ಟ ದಿನದಂದು. ಲೆಕ್ಕ ತಪ್ಪದ ಸ್ವಾಲೋವರ್‌ಗಳು ಕೆಳಗೇ ಇವೆ, ಅವು ನಮಗೆ ಕಾಣಿಸಿಕೊಳ್ಳೋದು ಅಪರೂಪ.

ಇನ್ನು ಎಲ್ಲರಿಗೂ ಗೊತ್ತಿರೋ ಆಂಗ್ಲರ್ ಫಿಶ್. ಹಣೆಯಿಂದ ಗಾಳದ ಕೋಲು, ತುದಿಯಲ್ಲಿ ದೀಪ, ಆ ದೀಪದೊಳಗೆ ಹೊಳೆಯೋ ಬ್ಯಾಕ್ಟೀರಿಯಾ. 1922ರಲ್ಲಿ ಐಸ್‌ಲ್ಯಾಂಡಿನ ಬ್ಯಾರ್ನಿ ಸೇಮುಂಡ್‌ಸನ್ ಅನ್ನೋ ವಿಜ್ಞಾನಿ ಒಂದು ಹೆಣ್ಣು ಆಂಗ್ಲರ್ ನೋಡಿದರು. ಅದರ ಹೊಟ್ಟೆಗೆ ಎರಡು ಪುಟ್ಟ ಮೀನು ಅಂಟಿಕೊಂಡಿದ್ದವು. ತಾಯಿ, ಮರಿಗಳು ಅಂತ ಬರೆದಿಟ್ಟರು. ಮೂರು ವರ್ಷದ ಮೇಲೆ ಲಂಡನ್ನಿನಲ್ಲಿ ಚಾರ್ಲ್ಸ್ ಟೇಟ್ ರೀಗನ್ ಇಂಥದ್ದೇ ಮೀನನ್ನ ಕೊಯ್ದು ನೋಡಿದರು. ಮರಿ ಅಲ್ಲ, ಗಂಡ! ಕೆಲವು ಜಾತಿಗಳಲ್ಲಿ ಗಂಡು ಹೆಣ್ಣನ್ನ ಕಚ್ಚಿ ಹಿಡಿದರೆ ಚರ್ಮಕ್ಕೆ ಚರ್ಮ ಬೆಸೆದು, ರಕ್ತನಾಳಗಳೂ ಸೇರಿಹೋಗ್ತಾವೆ. ಇನ್ನು ಅವನಿಗೆ ಬೇರೆ ಊಟವಿಲ್ಲ, ಬೇರೆ ಊರಿಲ್ಲ. ಒಂದು ದೇಹಕ್ಕೆ ಇನ್ನೊಂದು ದೇಹ ಹೀಗೆ ಅಂಟಿದರೆ ರೋಗನಿರೋಧಕ ಶಕ್ತಿ ಸುಮ್ಮನಿರೋದಿಲ್ಲ, ಕಿಡ್ನಿ ಕಸಿ ಮಾಡಿಸಿಕೊಂಡವರನ್ನ ಕೇಳಿ. 2020ರ ಸಂಶೋಧನೆ ಹೇಳೋದೇನಂದ್ರೆ, ಹೀಗೆ ಬೆಸೆಯೋ ಜಾತಿಗಳು ಆ ನಿರೋಧಕ ವ್ಯವಸ್ಥೆಯ ಮುಖ್ಯ ಜೀನ್‌ಗಳನ್ನೇ ಕಳಕೊಂಡಿವೆ. ಜೋಡಿ ಸಿಗೋ ಸಾಧ್ಯತೆ ಅಷ್ಟು ಕಡಿಮೆ, ಸಿಕ್ಕರೆ ಬಿಡೋ ಹಾಗಿಲ್ಲ. ಮ್ಯಾಟ್ರಿಮೋನಿ ಸೈಟಿನಲ್ಲಿ ಮೂರು ವರ್ಷದಿಂದ ಪ್ರೊಫೈಲ್ ಇಟ್ಟಿರೋರಿಗೆ ಇದರ ಕಷ್ಟ ಚೆನ್ನಾಗಿ ಅರ್ಥ ಆಗುತ್ತೆ. (ನಗು)

ಗಾತ್ರದ ವಿಷಯ ಒಂದು ಹೇಳಿಬಿಡ್ತೀನಿ. ಸಿನಿಮಾದಲ್ಲಿ ಆಂಗ್ಲರ್ ಮನೆಯಷ್ಟು ದೊಡ್ಡದಿರುತ್ತೆ. 2025ರ ಜನವರಿಯಲ್ಲಿ ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಹತ್ತಿರ ಹಗಲು ಬೆಳಕಿನಲ್ಲಿ ಒಂದು ಕರಿ ಆಂಗ್ಲರ್ ಮೇಲೆ ಈಜ್ತಾ ಇದ್ದ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಅದರ ಉದ್ದ 6 ಸೆಂಟಿಮೀಟರ್, ನನ್ನ ಬೆರಳಿನಷ್ಟು. ಕೆಲವೇ ಗಂಟೆಗಳಲ್ಲಿ ಸತ್ತುಹೋಯ್ತು. ಆ ವಿಡಿಯೋ ಕೆಳಗೆ ಜನ ಅತ್ತಿದ್ದರು. ಪಕ್ಕದಲ್ಲಿ ಸ್ಕೇಲ್ ಇಟ್ಟು ತೋರಿಸಿದ್ದರೆ ನಾವು ಯಾವತ್ತೋ ಹೆದರೋದು ಬಿಡ್ತಿದ್ವೇನೋ.

ಸರಿ, ಇಷ್ಟು ಮೀನಿನ ಕಡೆಯ ಮಾತು. ನಮ್ಮ ಕಡೆಯ ಮಾತೂ ಇದೆ.

1943ರಲ್ಲಿ ಕೊನ್ರಾಡ್ ಲೊರೆಂಜ್ ಅನ್ನೋ ಪ್ರಾಣಿವರ್ತನೆಯ ವಿಜ್ಞಾನಿ ಒಂದು ಮಾತು ಹೇಳಿದರು. ಅಗಲ ಹಣೆ, ದೊಡ್ಡ ಕಣ್ಣು, ದುಂಡು ಕೆನ್ನೆ, ಪುಟ್ಟ ಬಾಯಿ, ಅಂದರೆ ಮಗುವಿನ ಲಕ್ಷಣ ಎಲ್ಲಿ ಕಂಡರೂ ನಮಗೆ ಮುದ್ದು ಬರುತ್ತೆ ಅಂತ. ಪಾಂಡಾಗೆ ಆ ಲಾಟರಿ ಹೊಡೆದಿದೆ. ಪುಟ್ಟ ಕಣ್ಣು, ಅಗಲ ಬಾಯಿ, ಹೊರಗೆ ಹಲ್ಲು ಇರೋ ಆಂಗ್ಲರ್ ಅದರ ತದ್ವಿರುದ್ಧ. ತಮಾಷೆ ಏನು ಗೊತ್ತಾ, ಇನ್ನೂ ಕೆಳಗೆ ಹೋದರೆ ರಾಕ್ಷಸರೂ ಮುಗೀತಾರೆ. ಇದುವರೆಗೆ ಅತಿ ಆಳದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಮೀನು 2022ರಲ್ಲಿ, ಜಪಾನಿನ ಪಕ್ಕದ ಕಂದಕದಲ್ಲಿ, 8,336 ಮೀಟರಿನಲ್ಲಿ ಕಂಡ ಒಂದು ಸ್ನೇಲ್‌ಫಿಶ್. ಕೋರೆಹಲ್ಲಿಲ್ಲ, ದೀಪವಿಲ್ಲ. ಈ ಜಾತಿಯವು ತಿಳಿ ಗುಲಾಬಿ, ಮೆದು ಮೈ, ದೊಡ್ಡ ಗೊದಮೊಟ್ಟೆಯ ಹಾಗೆ. ಅಷ್ಟು ಒತ್ತಡದಲ್ಲಿ ಇಂಥ ಮೀನುಗಳ ಜೀವಕೋಶದ ಪ್ರೋಟೀನುಗಳನ್ನ ಕಾಪಾಡೋದು ಟಿಎಮ್ಎಒ ಅನ್ನೋ ರಾಸಾಯನಿಕ. ನಮ್ಮ ಬಂಗುಡೆಯಲ್ಲೂ ಅದು ಸ್ವಲ್ಪ ಇರುತ್ತೆ. ಮೀನು ಹಳತಾದಾಗ ಅದು ಒಡೆದೇ ಆ ವಾಸನೆ ಬರೋದು. ಹಾಗಾಗಿ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಮನೆಯವರು ವಾಸನೆ ಅಂತ ಗಲಾಟೆ ಮಾಡಿದ್ರೆ, ಇದು ಆಳಸಮುದ್ರದ ತಂತ್ರಜ್ಞಾನ ಅಂತ ಹೇಳಿ.

ರೂಢಿಯ ಪಾಲೂ ದೊಡ್ಡದು. ನಮ್ಮೂರಲ್ಲಿ ನಂಗ್ ಅಂತ ಚಪ್ಪಟೆ ಮೀನು ತಿಂತೀವಿ. ಅದು ಮರಿಯಾಗಿದ್ದಾಗ ಒಂದೊಂದು ಪಕ್ಕಕ್ಕೆ ಒಂದೊಂದು ಕಣ್ಣು. ಬೆಳೀತಾ ಬೆಳೀತಾ ಒಂದು ಕಣ್ಣು ತಲೆ ದಾಟಿ ಇನ್ನೊಂದು ಪಕ್ಕಕ್ಕೆ ಬರುತ್ತೆ! ಇದಕ್ಕಿಂತ ವಿಚಿತ್ರ ಬೇಕಾ? ಆದರೆ ಗಂಗೊಳ್ಳಿಯಲ್ಲಿ ಯಾರೂ ನಂಗ್ ನೋಡಿ ಕಿರುಚಿದ್ದನ್ನ ನಾನು ಕಂಡಿಲ್ಲ, ಮಸಾಲೆ ಸಾಕಾ ಅಂತ ಮಾತ್ರ ಕೇಳ್ತಾರೆ. ಮುಂಬೈಯಿಂದ ಬಂದಿರೋರು ಬೊಂಬಿಲ್ ತಿಂದಿರ್ತೀರಿ. ಹಸಿ ಬೊಂಬಿಲ್ ಕೈಯಲ್ಲಿ ಹಿಡಿದು ನೋಡಿ, ಜೆಲ್ಲಿಯಂಥ ಮೈ, ಕಿವಿತನಕ ಸೀಳಿದ ಬಾಯಿ, ಸೂಜಿಯಂಥ ಹಲ್ಲು. ವಿಜ್ಞಾನಿಗಳು ಅದನ್ನ ಇಟ್ಟಿರೋ ಗಣದಲ್ಲೇ ಆಳಸಮುದ್ರದ ತಳದಲ್ಲಿ ಮೂರು ಕಡ್ಡಿಗಳ ಮೇಲೆ ನಿಲ್ಲೋ ಟ್ರೈಪಾಡ್ ಮೀನೂ ಇದೆ. ಬೊಂಬಿಲ್ ಇರೋದು ತೀರದ ನೀರಿನಲ್ಲಿ, ಅಷ್ಟೇ ವ್ಯತ್ಯಾಸ. ಅದು ಎರಡು ಸಾವಿರ ಮೀಟರ್ ಕೆಳಗಿದ್ದಿದ್ದರೆ ಅದರ ಫೋಟೊಗೆ 'ಸಮುದ್ರದ ಪಿಶಾಚಿ' ಅಂತ ಹೆಸರು ಬರ್ತಿತ್ತು. ಮುಂಬೈಯಲ್ಲಿ ಅದು ರವೆ ಫ್ರೈ.

ಇಷ್ಟೆಲ್ಲ ನಾನು ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ಇದು ಬರೀ ಸ್ಟಿಕ್ಕರ್ ವಿಷಯ ಅಲ್ಲ. ಹಿಂದೂ ಮಹಾಸಾಗರದ ನಡುವೆ, ಐದು ಕಿಲೋಮೀಟರ್ ಆಳದ ತಳದಲ್ಲಿ ಆಲೂಗಡ್ಡೆಯಂಥ ಗಂಟುಗಳು ಬಿದ್ದಿವೆ. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್, ಅಂದರೆ ನಮ್ಮ ಫೋನು, ಇವಿ ಬ್ಯಾಟರಿಗೆ ಬೇಕಾದ್ದು. 75,000 ಚದರ ಕಿಲೋಮೀಟರಿನಲ್ಲಿ ಅವುಗಳನ್ನ ಅನ್ವೇಷಿಸೋ ಹಕ್ಕು ಭಾರತಕ್ಕಿದೆ, 2002ರ ಒಪ್ಪಂದ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 'ಮತ್ಸ್ಯ 6000' ಕಟ್ತಾ ಇದೆ, 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳದಲ್ಲಿ ಮೂವರು ಕೂತು ಇಳಿಯೋಕೆ. ನನಗೆ ಅದರ ಬಗ್ಗೆ ಹೆಮ್ಮೆ ಇದೆ, ಮುಚ್ಚಿಡೋದಿಲ್ಲ. ಆದರೆ ಆ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೀತಾವೆ. ಪೆರು ದೇಶದ ಕಡೆಯ ಆಳದಲ್ಲಿ 1989ರಲ್ಲಿ ವಿಜ್ಞಾನಿಗಳು ಪರೀಕ್ಷೆಗೆ ಅಂತ ತಳವನ್ನ ಉತ್ತು ನೋಡಿದರು. 26 ವರ್ಷ ಬಿಟ್ಟು ಹೋದಾಗಲೂ ನೇಗಿಲ ಗೆರೆ ನಿನ್ನೆ ಎಳೆದ ಹಾಗೇ ಇತ್ತು. ಅದೇ ಪ್ರದೇಶದಲ್ಲಿ ಒಂದು ಬಿಳಿ ಆಕ್ಟೋಪಸ್ ಗಂಟುಗಳ ಮೇಲೆ ಬೆಳೆದ ಸ್ಪಂಜಿನ ಒಣ ಕಡ್ಡಿಗೆ ಮೊಟ್ಟೆ ಇಟ್ಟು, ಅದನ್ನ ತಬ್ಬಿ ಕೂತಿರುತ್ತೆ. ಗಂಟು ತೆಗೆದರೆ ಕಡ್ಡಿ ಇಲ್ಲ.

ತೆಗೀಬೇಕೋ ಬೇಡವೋ ಅನ್ನೋದು ನನ್ನಂಥವಳು ಇಲ್ಲಿ ನಿಂತು ತೀರ್ಮಾನ ಮಾಡೋ ಮಾತಲ್ಲ. ಆ ಚರ್ಚೆ ಬಂದಾಗ ಕೆಳಗೆ ಇರೋದೆಲ್ಲ ಕುರೂಪಿ ಮುದ್ದೆಗಳು ಅನ್ನೋ ಚಿತ್ರ ನಮ್ಮ ತಲೆಯಲ್ಲಿದ್ದರೆ, ಉತ್ತರ ಎಷ್ಟು ಸುಲಭವಾಗಿ ಬಂದುಬಿಡುತ್ತೆ ಅನ್ನೋದು ನನ್ನ ಭಯ. ಚಿತ್ರ ಬದಲಾಗಲ್ಲ ಅಂತೇನಿಲ್ಲ. ಕುರೂಪಿ ಅಂತ ಗೆದ್ದ ಹನ್ನೆರಡು ವರ್ಷಕ್ಕೆ, 2025ರಲ್ಲಿ, ನ್ಯೂಜಿಲೆಂಡಿನ ಜನ ಅದೇ ಬ್ಲಾಬ್‌ಫಿಶ್‌ಗೆ ಓಟು ಹಾಕಿ 'ವರ್ಷದ ಮೀನು' ಅಂತ ಆರಿಸಿದರು. ಎರಡನೇ ಸ್ಥಾನ ಆರೆಂಜ್ ರಫಿ ಮೀನಿಗೆ. ಆ ರಫಿ ಹಿಡಿಯೋಕೆ ಎಳೆಯೋ ಬಲೆಗಳಲ್ಲೇ ಬ್ಲಾಬ್‌ಫಿಶ್ ಸಿಕ್ಕಿ ಸಾಯೋದು.

ನಮ್ಮ ಗ್ರೂಪಿನ ಸ್ಟಿಕ್ಕರ್ ಏನಾಯ್ತು ಅಂತ ಕೇಳ್ತೀರಿ. ತೆಗೆದಿಲ್ಲ, ಅದು ಈಗ ಎಲ್ಲರ ಫೋನಿನಲ್ಲೂ ಸೇವ್ ಆಗಿಬಿಟ್ಟಿದೆ. ಅದರ ಪಕ್ಕದಲ್ಲಿ ಇನ್ನೊಂದು ಹಾಕಿದೆ, ನೀರಿನೊಳಗೆ ತಣ್ಣಗೆ ಕೂತಿರೋ ದೊಡ್ಡ ತಲೆಯ ಮೀನು, ಮಗಳು ಬರೆದಿದ್ದು. ಟೀಮಿನ ಹುಡುಗ ಒಬ್ಬ "ಇದು ಯಾವ ಮೀನು ಮೇಡಂ?" ಅಂತ ಕೇಳಿದ. ಅದೇ ಕಣೋ, ಅಂದೆ. ಇದುವರೆಗೆ ಆ ಹೊಸದನ್ನ ಒಬ್ಬರೂ ಬಳಸಿಲ್ಲ.

ಪ್ರಶ್ನೆಗಳಿದ್ರೆ ಕೇಳಿ, ಮೈಕ್ ಎಡಗಡೆ ಇದೆ.